ಗ್ಯಾರೇಜಿನಲ್ಲಿ ಕೈ ಸುಟ್ಟುಕೊಂಡಿರಾ? ಜಗಳ ಬಿಡಿ, ಬಿಲ್ಲು ಹಿಡಿಯಿರಿ

ಕಾರು ರಿಪೇರಿಗೆ ಬಿಟ್ಟು ನೊಂದವರ ಮಾತು ಹೆಚ್ಚುಕಡಿಮೆ ಒಂದೇ ಥರ ಶುರುವಾಗುತ್ತದೆ: “ನನಗೆ ಮೋಸ ಮಾಡಿದ್ರು.” ಇರಬಹುದು. ಆದರೆ ಗ್ಯಾರೇಜಿನವನು ಕೆಟ್ಟವನು ಎಂದು ತೋರಿಸಲು ಹೊರಟರೆ ಸೋಲುವುದು ನೀವೇ. ಅವನ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ನಿಮ್ಮ ಹತ್ತಿರ ಏನು ಸಾಕ್ಷಿ ಇದೆ? ಅದೇ “ಬಿಲ್ಲಿನಲ್ಲಿ ಆಯಿಲ್ ಫಿಲ್ಟರ್ ಬದಲಾಯಿಸಿದ್ದೀವಿ ಅಂತ ಬರೆದಿದ್ದೀರಿ, ಗಾಡಿಯಲ್ಲಿ ಹಳೇದೇ ಇದೆ, ಇಗೋ ಫೋಟೊ” ಎಂದರೆ ಮಾತು ಬೇರೆ. ಅಲ್ಲಿ ನಿಯತ್ತಿನ ಪ್ರಶ್ನೆಯೇ ಬರುವುದಿಲ್ಲ. ಆ ಸಾಲು ನಿಜವೋ ಸುಳ್ಳೋ, ಅಷ್ಟೇ.

ಕೆಳಗೆ ಹೇಳಿರುವುದೆಲ್ಲ ಕಾರಿಗೂ ಬೈಕಿಗೂ ಸಲ್ಲುತ್ತದೆ. ಕಂಪನಿ ಶೋರೂಮಿನ ಸರ್ವೀಸ್ ಸೆಂಟರ್ ಆಗಲಿ, ಬಡಾವಣೆ ಮೂಲೆಯ ಗ್ಯಾರೇಜ್ ಆಗಲಿ, ದಾರಿ ಒಂದೇ.

ಮೊದಲು, ಏನಾಗಿದೆ ಅಂತ ಬಿಡಿಸಿ ನೋಡಿ

ಗ್ಯಾರೇಜಿನ ತಕರಾರುಗಳಲ್ಲಿ ನಾಲ್ಕು ಬಗೆ ಇವೆ. ಕಾಯಿಲೆಯನ್ನೇ ತಪ್ಪು ಹಿಡಿದಿರಬಹುದು. ಸರಿಯಾಗಿ ಹಿಡಿದು ಕೆಲಸ ಕೆಡಿಸಿರಬಹುದು. ಮಾಡದ ಕೆಲಸಕ್ಕೆ ಬಿಲ್ಲು ಹಾಕಿರಬಹುದು. ಇಲ್ಲವೇ ಮಾಡಿದ ಕೆಲಸಕ್ಕೆ ಜಾಸ್ತಿ ಹಣ ಕಿತ್ತಿರಬಹುದು. ಇವನ್ನೆಲ್ಲ ಒಟ್ಟಿಗೆ ಕಲಸಿ ಕೂಗಾಡಿದರೆ ಎದುರಿನವರು ತಮಗೆ ಸುಲಭವಾದ ಒಂದಕ್ಕೆ ಉತ್ತರ ಕೊಟ್ಟು ಉಳಿದದ್ದನ್ನು ತೇಲಿಸಿಬಿಡುತ್ತಾರೆ.

ಕಾಯಿಲೆಯನ್ನು ತಪ್ಪಾಗಿ ಗುರುತಿಸುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಆಗುತ್ತದೆ. ಗಾಡಿ ಜರ್ಕ್ ಹೊಡೆಯುತ್ತಿದ್ದರೆ ಸ್ಪಾರ್ಕ್ ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು. ಒಂದು ಬದಲಾಯಿಸಿ ನೋಡಿದ, ಸರಿಹೋಗಲಿಲ್ಲ ಅಂದರೆ ಅದು ಮೋಸ ಅಲ್ಲ. ಅಲ್ಲಿ ಕೇಳಬೇಕಾದದ್ದು “ಲೇಬರ್ ಚಾರ್ಜ್ ಬಿಡಿ, ಮುಂದಿನದನ್ನು ನೋಡಿ” ಅಂತ. ಮಾಡದ ಕೆಲಸಕ್ಕೆ ಬಿಲ್ಲು ಹಾಕಿದ್ದರೆ ಮಾತ್ರ ಆ ಸಾಲಿನ ಪೂರ್ತಿ ಹಣ ವಾಪಸ್ ಕೇಳಿ, ಒಂದು ರೂಪಾಯಿಯೂ ಬಿಡಬೇಡಿ.

ಗಾಡಿ ಬಿಡುವಾಗಲೇ ಮಾಡಬೇಕಾದ ಕೆಲಸ

ಜಾಬ್ ಕಾರ್ಡ್, ಅಂದರೆ ಏನು ಕೆಲಸ ಮಾಡಬೇಕು ಅಂತ ಬರೆದ ಚೀಟಿ ಇಲ್ಲದೆ ಗಾಡಿ ಬಿಡಬೇಡಿ. ಸಣ್ಣ ಗ್ಯಾರೇಜಿನಲ್ಲಿ ಜಾಬ್ ಕಾರ್ಡ್ ಇರುವುದಿಲ್ಲ, ಕೇಳಿದರೆ ನಗುತ್ತಾರೆ. ಪರವಾಗಿಲ್ಲ. ಅಲ್ಲೇ ನಿಂತು ಮೆಕ್ಯಾನಿಕ್‌ಗೆ ಒಂದು ವಾಟ್ಸಾಪ್ ಕಳಿಸಿ: “ಅಣ್ಣ, ಬ್ರೇಕ್ ಒತ್ತಿದಾಗ ಕಿರ್ ಅನ್ನೋ ಸದ್ದು. ಅದನ್ನು ನೋಡಿ. ಎರಡು ಸಾವಿರದ ಮೇಲೆ ಖರ್ಚಾಗೋ ಹಾಗಿದ್ರೆ ಫೋನ್ ಮಾಡಿ ಕೇಳಿ. ಹಳೇ ಪಾರ್ಟ್ ಎಸೀಬೇಡಿ, ನಂಗೆ ಬೇಕು.” ಅವರು “ಆಯ್ತು ಸರ್” ಎಂದು ಉತ್ತರಿಸಿದರೆ ಅದೇ ನಿಮ್ಮ ಜಾಬ್ ಕಾರ್ಡ್.

ಜಾಬ್ ಕಾರ್ಡ್ ಇದ್ದರೆ ಅದರಲ್ಲಿ ನಿಮ್ಮ ಮಾತಿನಲ್ಲೇ ದೂರು ಬರೆಸಿ. ಸರ್ವೀಸ್ ಅಡ್ವೈಸರ್ “ಜನರಲ್ ಚೆಕಪ್” ಎಂದು ಬರೆದುಕೊಂಡು ಸಹಿ ಹಾಕಿಸಿಕೊಳ್ಳುತ್ತಾರೆ. ಆ ಎರಡು ಪದದಡಿ ಏನು ಬೇಕಾದರೂ ಮಾಡಿ ಬಿಲ್ಲು ಹಾಕಬಹುದು. ಇಂಜಿನ್ ಫ್ಲಶ್, ಎಸಿ ಡಿಸ್‌ಇನ್‌ಫೆಕ್ಷನ್, ಇಂಜೆಕ್ಟರ್ ಕ್ಲೀನಿಂಗ್, ಟೆಫ್ಲಾನ್ ಕೋಟಿಂಗ್, ಇಲಿ ಬಾರದ ಸ್ಪ್ರೇ: ಇವೆಲ್ಲ ಟಾರ್ಗೆಟ್ ಮುಟ್ಟಿಸಲು ಸೇರಿಸುವ ಐಟಂಗಳು. ನಿಮ್ಮ ಗಾಡಿಯ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇಷ್ಟು ಕಿಲೋಮೀಟರಿಗೆ ಏನೇನು ಅಂತ ಪಟ್ಟಿ ಇರುತ್ತದೆ. ಅದರಲ್ಲಿ ಇಲ್ಲದ್ದನ್ನು ಬೇಡ ಅಂದರೆ ಏನೂ ಕೆಡುವುದಿಲ್ಲ.

ಆಮೇಲೆ ಫೋಟೊ. ಓಡೋಮೀಟರ್ ಮತ್ತು ಪೆಟ್ರೋಲ್ ಮುಳ್ಳು ಒಂದೇ ಫೋಟೊದಲ್ಲಿ ಬರಲಿ. ಗಾಡಿಯ ನಾಲ್ಕು ಬದಿ, ಬ್ಯಾಟರಿ ಮೇಲಿನ ಸೀರಿಯಲ್ ನಂಬರ್, ಸ್ಟೆಪ್ನಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಅದನ್ನೂ ತೆಗೆದುಕೊಳ್ಳಿ.

ಒಂದು ಹಳೇ ಉಪಾಯ ಇದೆ, ಕಾಸಿನ ಖರ್ಚಿಲ್ಲ. ಸರ್ವೀಸ್‌ಗೆ ಬಿಡುವ ಮುಂಚೆ ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಮೇಲೆ ಕಣ್ಣಿಗೆ ಬೀಳದ ಕಡೆ ನೇಲ್ ಪಾಲಿಶ್‌ನ ಒಂದು ಚುಕ್ಕಿ ಇಡಿ. ಫೋಟೊ ತೆಗೆಯಿರಿ. ಗಾಡಿ ವಾಪಸ್ ಬಂದಾಗ ಚುಕ್ಕಿ ಅಲ್ಲೇ ಇದ್ದರೆ, ಆ ಸಾಲು ಸುಳ್ಳು. ಏರ್ ಫಿಲ್ಟರ್‌ನ ಡಬ್ಬಿ ಬಹಳಷ್ಟು ಕಾರುಗಳಲ್ಲಿ ಕೈಯಲ್ಲೇ ಬಿಚ್ಚುವ ಕ್ಲಿಪ್‌ನದು, ಒಂದು ನಿಮಿಷದ ಕೆಲಸ.

ಡೆಲಿವರಿ ತಗೊಳ್ಳುವಾಗ

ಹಗಲು ಹೊತ್ತಲ್ಲಿ ಹೋಗಿ. ಸಂಜೆ ಏಳು ಗಂಟೆಗೆ, ಎಲ್ಲರೂ ಶಟರ್ ಎಳೆಯುವ ಹೊತ್ತಲ್ಲಿ ಹೋದರೆ ಯಾರೂ ನಿಂತು ತೋರಿಸುವುದಿಲ್ಲ. ಹಣ ಕೊಡುವ ಮುಂಚೆ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ. “ಸ್ಯಾಟಿಸ್ಫ್ಯಾಕ್ಷನ್ ನೋಟ್” ಎಂಬ ಚೀಟಿಗೆ ಓಡಿಸಿ ನೋಡದೆ ಸಹಿ ಹಾಕಬೇಡಿ. ಮುಂದೆ ಅದನ್ನೇ ನಿಮ್ಮ ಮುಖಕ್ಕೆ ಹಿಡಿಯುತ್ತಾರೆ.

ಹಳೇ ಪಾರ್ಟ್ ಕೇಳಿದರೆ ಏನೋ ಒಂದು ಕೊಡುತ್ತಾರೆ. ಅದು ನಿಮ್ಮ ಗಾಡಿಯದೇನಾ? ನಮ್ಮ ಭಾವನ ಪುಟ್ಟ ಕಾರಿಗೆ ಕ್ಲಚ್ ಹಾಕಿದೆವು ಅಂದ ಗ್ಯಾರೇಜಿನವರು ಸಿಮೆಂಟ್ ಚೀಲದಲ್ಲಿ ಹಳೇ ಕ್ಲಚ್ ಪ್ಲೇಟ್ ತಂದು ತೋರಿಸಿದರು. ಪ್ಲೇಟ್ ಸವೆದು ರಿವೆಟ್ ಮೇಲೆ ಬಂದಿತ್ತು, ನಿಜ. ಆದರೆ ಮಧ್ಯದ ಹಲ್ಲುಗಳ ಸಂದಿಯಲ್ಲೆಲ್ಲ ಕೆಂಪು ತುಕ್ಕು ಕೂತಿತ್ತು. ದಿನಾ ಓಡುವ ಗಾಡಿಯಿಂದ ಬೆಳಿಗ್ಗೆ ಬಿಚ್ಚಿದ ಪ್ಲೇಟಿನ ಹಲ್ಲು ಶಾಫ್ಟಿನ ಮೇಲೆ ಉಜ್ಜಿ ಉಜ್ಜಿ ಹೊಳೆಯುತ್ತಿರುತ್ತದೆ. ಅದು ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪ್ಲೇಟ್. ಭಾವ ಕೂಗಾಡಲಿಲ್ಲ. “ಹೊಸದರ ಡಬ್ಬಿ ಎಲ್ಲಿ?” ಅಂತ ಕೇಳಿದರು. ಡಬ್ಬಿ ಸಿಗಲಿಲ್ಲ. ಬಿಲ್ಲಿನಿಂದ ಕ್ಲಚ್ ಸಾಲು ಹೋಯಿತು.

ಹೌದು, ಡಬ್ಬಿ ಕೇಳಿ. ಬದಲಾಯಿಸಿದ ಪ್ರತಿ ಪಾರ್ಟಿನ ಖಾಲಿ ಡಬ್ಬಿ. ಪಾರ್ಟ್ ನಂಬರ್ ಅದರಲ್ಲಿರುತ್ತದೆ. ಎಂಆರ್‌ಪಿ ಕೂಡ ಅದರಲ್ಲೇ ಇರುತ್ತದೆ.

ಬಿಲ್ಲು ಓದುವ ಬಗೆ

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಯಾಕೆಂದರೆ ಜಾಸ್ತಿ ಹಣ ಹೋಗುವುದು ಇಲ್ಲೇ.

ಡಬ್ಬಿಯ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಡಬ್ಬಿಯಲ್ಲಿ 1,180 ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ಸರಿಯಾದ ಬಿಲ್ಲಿನಲ್ಲಿ ಪಾರ್ಟಿನ ಬೆಲೆ 1,000, ಅದರ ಮೇಲೆ ಕೇಂದ್ರದ ಜಿಎಸ್‌ಟಿ ಶೇ. 9 ಅಂದರೆ 90, ರಾಜ್ಯದ್ದು ಇನ್ನೊಂದು 90, ಒಟ್ಟು 1,180. ತಪ್ಪು ಬಿಲ್ಲಿನಲ್ಲಿ ಪಾರ್ಟಿನ ಬೆಲೆಯೇ 1,180 ಎಂದಿರುತ್ತದೆ, ಅದರ ಮೇಲೆ ಮತ್ತೆ ಶೇ. 18 ಹಾಕಿ 1,392 ರೂಪಾಯಿ 40 ಪೈಸೆ ಮಾಡಿರುತ್ತಾರೆ. ತೆರಿಗೆಯ ಮೇಲೆ ತೆರಿಗೆ. ಒಂದು ಪಾರ್ಟಿಗೆ ಇನ್ನೂರು ರೂಪಾಯಿ ಚಿಲ್ಲರೆ ಅನಿಸಬಹುದು. ಹದಿನೈದು ಐಟಂ ಇರುವ ಬಿಲ್ಲಿನಲ್ಲಿ ಲೆಕ್ಕ ಹಾಕಿ ನೋಡಿ.

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಲೇಬರ್ ಮೇಲೂ ಶೇ. 18. ಈಗಲೂ 28 ಅಂತ ಬಂದರೆ ಹಳೇ ಸಾಫ್ಟ್‌ವೇರ್ ನೆಪ ಹೇಳುತ್ತಾರೆ, ಒಪ್ಪಬೇಡಿ. ಇನ್ನು ಜಿಎಸ್‌ಟಿ ನೋಂದಣಿಯೇ ಇಲ್ಲದ ಸಣ್ಣ ಗ್ಯಾರೇಜು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ) ಇರುವವರೂ ಗ್ರಾಹಕರಿಂದ ಅದನ್ನು ಬೇರೆಯಾಗಿ ಕೇಳುವಂತಿಲ್ಲ. ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇದೆಯಾ ನೋಡಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯಾ ಎಲ್ಲ ಗೊತ್ತಾಗುತ್ತದೆ.

ಆಮೇಲೆ ಆಯಿಲ್. ಸಣ್ಣ ಪೆಟ್ರೋಲ್ ಕಾರುಗಳ ಇಂಜಿನ್ ಸಾಮಾನ್ಯವಾಗಿ ಮೂರರಿಂದ ನಾಲ್ಕು ಲೀಟರ್ ಹಿಡಿಯುತ್ತದೆ. ನಿಮ್ಮದು ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿದೆ. ಬಿಲ್ಲಿನಲ್ಲಿ ಅದಕ್ಕಿಂತ ಅರ್ಧ ಲೀಟರ್ ಜಾಸ್ತಿ ಇದ್ದರೆ, ಮಿಕ್ಕ ಆಯಿಲ್ ಎಲ್ಲಿ ಅಂತ ಕೇಳಿ. ಇಂಜಿನ್‌ಗೆ ಹಾಕಿದ್ದರೂ ತಪ್ಪು, ಹಾಕದಿದ್ದರೂ ತಪ್ಪು. ಗ್ರೇಡ್ ಕೂಡ ನೋಡಿ, ಅಂದರೆ ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಅಂಕಿ. 0ಡಬ್ಲ್ಯೂ-20 ಹಾಕಬೇಕಾದ ಇಂಜಿನ್‌ಗೆ ಡ್ರಮ್ಮಿನಿಂದ ತೆಗೆದ 20ಡಬ್ಲ್ಯೂ-40 ಹಾಕಿದರೆ ಮೈಲೇಜ್ ಬೀಳುತ್ತದೆ.

ಬಿಲ್ಲೇ ಕೊಡುವುದಿಲ್ಲ ಅಂದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಿದೆ. “ಬಿಲ್ಲು ಬೇಡ ಅಂದ್ರೆ ಶೇ. 18 ಉಳಿಯುತ್ತೆ ಸರ್” ಎನ್ನುವ ಮಾತು ಕೇಳಲು ಚೆಂದ. ಗಾಡಿ ಮರುದಿನ ದಾರಿಯಲ್ಲಿ ನಿಂತಾಗ, ನೀವು ಅವರ ಹತ್ತಿರ ಹೋಗಿದ್ದಿರಿ ಅನ್ನುವುದಕ್ಕೇ ಪುರಾವೆ ಇರುವುದಿಲ್ಲ. ಏನೂ ಇಲ್ಲದಿದ್ದರೆ ಹಣವನ್ನಾದರೂ ಯುಪಿಐನಲ್ಲಿ ಕೊಡಿ.

ಬಿಲ್ಲು ಒಪ್ಪಿಗೆ ಇಲ್ಲ, ಗಾಡಿ ಅವರ ಕೈಯಲ್ಲಿದೆ

ಇದು ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ. “ಹಣ ಕೊಡಲ್ಲ, ಗಾಡಿ ಕೊಡಿ” ಎಂದು ಪಟ್ಟು ಹಿಡಿಯುವ ಹಕ್ಕು ನಿಮಗಿದೆ ಅಂದುಕೊಂಡಿದ್ದೀರಾ? ಪೂರ್ತಿ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ಒಂದು ವಸ್ತುವಿನ ಮೇಲೆ ಕೆಲಸ ಮಾಡಿದವರು ಆ ಕೆಲಸದ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಆದರೆ ಆ ಗಾಡಿಯ ಆ ಕೆಲಸದ ಹಣಕ್ಕೆ ಮಾತ್ರ. ಹೋದ ವರ್ಷದ ಬಾಕಿಗೋ, ನಿಮ್ಮ ತಮ್ಮನ ಬೈಕಿನ ಬಾಕಿಗೋ ಈ ಕಾರನ್ನು ಹಿಡಿದಿಡುವಂತಿಲ್ಲ.

ಹಾಗಾಗಿ ಮೊದಲು ಗಾಡಿ ಬಿಡಿಸಿಕೊಳ್ಳಿ. ಹಣ ಕೊಡಿ, ಆದರೆ ಬಿಲ್ಲಿನ ಎರಡೂ ಪ್ರತಿಯ ಮೇಲೆ “ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ, 4 ಮತ್ತು 9ನೇ ಸಾಲು ಒಪ್ಪಿಲ್ಲ” ಎಂದು ಬರೆದು ಸಹಿ, ತಾರೀಖು ಹಾಕಿ. ಬರೆಯಲು ಬಿಡದಿದ್ದರೆ ಅಲ್ಲೇ ನಿಂತು ಅದೇ ಮಾತನ್ನು ವಾಟ್ಸಾಪ್ ಅಥವಾ ಇಮೇಲ್ ಮಾಡಿ. ಯುಪಿಐನಲ್ಲಿ ಟಿಪ್ಪಣಿ ಬರೆಯುವ ಜಾಗದಲ್ಲೂ “ಆಕ್ಷೇಪಣೆಯೊಂದಿಗೆ” ಎಂದು ಹಾಕಿ. ಹಣ ಕೊಟ್ಟಿದ್ದೀರಿ ಅಂದಮಾತ್ರಕ್ಕೆ ಒಪ್ಪಿದ್ದೀರಿ ಎಂದು ಆಮೇಲೆ ಹೇಳಲು ಆಗಬಾರದು.

ಗಾಡಿ ಅವರ ಹತ್ತಿರ ಇದ್ದಾಗ ಜೋಪಾನ ಮಾಡುವ ಹೊಣೆಯೂ ಅವರದ್ದೇ. ಅದೇ ಕಾಯ್ದೆಯ 151ನೇ ಕಲಂ ಅದನ್ನು ಹೇಳುತ್ತದೆ. 154ನೇ ಕಲಂ ಇನ್ನೂ ಮಜವಾಗಿದೆ: ಒಪ್ಪಂದಕ್ಕೆ ಹೊರತಾಗಿ ನಿಮ್ಮ ವಸ್ತುವನ್ನು ಬಳಸಿ ಹಾಳಾದರೆ ನಷ್ಟ ಕಟ್ಟಿಕೊಡಬೇಕು. ಟ್ರಯಲ್ ಅಂತ ಐದಾರು ಕಿಲೋಮೀಟರ್ ಓಡಿಸುವುದು ಸಹಜ. ಆದರೆ ಕಾರು ಲಿಫ್ಟ್ ಮೇಲಿದೆ ಎಂದು ಅವರು ಹೇಳುವ ಹೊತ್ತಿಗೆ ನಿಮ್ಮ ಮೊಬೈಲಿಗೆ ನೆಲಮಂಗಲ ಟೋಲಿನ ಫಾಸ್ಟ್ಯಾಗ್ ಮೆಸೇಜ್ ಬಂದರೆ? ಅದನ್ನು ಅಳಿಸಬೇಡಿ, ಅಷ್ಟೇ. ಬ್ಯಾಟರಿ ಅದಲುಬದಲಾಗಿದ್ದರೆ, ಸ್ಟೆಪ್ನಿ ಕಾಣೆಯಾಗಿದ್ದರೆ ಅದು ಸೇವೆಯ ಲೋಪವಲ್ಲ, ಕಳ್ಳತನದ ಮಾತು. ನೇರ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಬರೀ ರಿಪೇರಿ ಸರಿ ಇಲ್ಲ ಎಂದು ಹೋದರೆ ಮಾತ್ರ “ಇದು ಸಿವಿಲ್ ಮ್ಯಾಟರ್, ಕನ್ಸ್ಯೂಮರ್ ಕೋರ್ಟಿಗೆ ಹೋಗಿ” ಎಂದು ಕಳಿಸುತ್ತಾರೆ. ಅದರಲ್ಲಿ ಅವರದ್ದೂ ತಪ್ಪಿಲ್ಲ.

ಬೇರೆ ಮೆಕ್ಯಾನಿಕ್ ಕೈಗೆ ಕೊಡುವ ಮುಂಚೆ

ಸಿಟ್ಟಿನಲ್ಲಿ ಜನ ಮಾಡುವ ಮೊದಲ ಕೆಲಸ, ಗಾಡಿಯನ್ನು ಇನ್ನೊಂದು ಗ್ಯಾರೇಜಿಗೆ ತೆಗೆದುಕೊಂಡು ಹೋಗಿ ಬಿಚ್ಚಿಸುವುದು. ಅಲ್ಲಿಗೆ ಪುರಾವೆ ಮುಗಿಯಿತು. “ಸರ್, ಬೇರೆಯವರು ಕೈ ಹಾಕಿದ್ದಾರೆ, ನಮ್ಮ ಜವಾಬ್ದಾರಿ ಅಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಬದಲಿಗೆ ಹೀಗೆ ಮಾಡಿ. ಎರಡನೇ ಗ್ಯಾರೇಜಿನವರಿಗೆ ಮೊದಲು ನೋಡಿ ಬರೆದುಕೊಡಲು ಹೇಳಿ. ಅವರ ಲೆಟರ್‌ಹೆಡ್‌ನಲ್ಲಿ ಗಾಡಿ ನಂಬರ್, ಕಿಲೋಮೀಟರ್, ತಾರೀಖು, ಕಂಡದ್ದು ಏನು ಎಂಬುದಿರಲಿ. ಬಿಚ್ಚುವಾಗ ವಿಡಿಯೊ ಮಾಡಿ, ಶುರುವಿನಲ್ಲೇ ನಂಬರ್ ಪ್ಲೇಟ್ ಕಾಣಲಿ, ನಡುವೆ ಕಟ್ ಮಾಡಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಇಂಜಿನ್ ದೀಪ ಇದ್ದರೆ ಸ್ಕ್ಯಾನರ್ ಹಾಕಿಸಿ ಎರರ್ ಕೋಡ್‌ನ ಫೋಟೊ ತಗೊಳ್ಳಿ. ಪಿ0300 ಎಂದರೆ ಮಿಸ್‌ಫೈರ್, ಅಂದರೆ ಇಂಜಿನ್ನಿನೊಳಗೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಮೊದಲ ಗ್ಯಾರೇಜು ಅದನ್ನು ಸರಿಮಾಡಿದ್ದೇವೆ ಎಂದು ಬರೆದಿದ್ದರೆ ನಿಮಗೆ ಬೇಕಾದದ್ದು ಸಿಕ್ಕಿತು. ಇಂಜಿನ್ ಸೀಜ್ ಆಗುವಂಥ ದೊಡ್ಡ ಹಾನಿಗೆ ಮಾತ್ರ ಪರವಾನಗಿ ಇರುವ ವಿಮಾ ಸರ್ವೇಯರ್ ಒಬ್ಬರಿಗೆ ಶುಲ್ಕ ಕೊಟ್ಟು ವರದಿ ಮಾಡಿಸುವುದು ಒಳ್ಳೆಯದು.

ಮತ್ತೆ, ಬಿಚ್ಚುವ ಮುಂಚೆ ಮೊದಲ ಗ್ಯಾರೇಜಿಗೆ ಒಂದು ಅವಕಾಶ ಕೊಡಿ. ದಾಕ್ಷಿಣ್ಯಕ್ಕಲ್ಲ, ಕೊಟ್ಟಿದ್ದೆ ಅಂತ ಹೇಳಲು.

ಪತ್ರ

ಫೋನಿನಲ್ಲಿ ಮಾತಾಡಿದ್ದು ಗಾಳಿಗೆ ಹೋಗುತ್ತದೆ. ಬರೆಯಿರಿ. ಕನ್ನಡದಲ್ಲೇ ಬರೆಯಬಹುದು. ಮಾದರಿ ಇಲ್ಲಿದೆ, ನಿಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಿ:

“ಮಾನ್ಯರೆ, ದಿನಾಂಕ ____ರಂದು ನನ್ನ ಕಾರನ್ನು (ನೋಂದಣಿ ಸಂಖ್ಯೆ ____) ಎಸಿ ತಣ್ಣಗಾಗುತ್ತಿಲ್ಲ ಎಂದು ನಿಮ್ಮಲ್ಲಿ ಬಿಟ್ಟಿದ್ದೆ. ಬಿಲ್ ಸಂಖ್ಯೆ ____ರಲ್ಲಿ ಲೀಕ್ ಪರೀಕ್ಷೆ ಮತ್ತು ಗ್ಯಾಸ್ ಭರ್ತಿಗೆ ____ ರೂಪಾಯಿ ಪಡೆದಿದ್ದೀರಿ. ____ ದಿನಗಳಲ್ಲಿ ಎಸಿ ಮತ್ತೆ ನಿಂತಿದೆ. ಕಂಡೆನ್ಸರ್‌ನಲ್ಲಿ ಲೀಕ್ ಇರುವುದಾಗಿ ಇನ್ನೊಬ್ಬರು ಪರೀಕ್ಷಿಸಿ ಬರೆದುಕೊಟ್ಟಿದ್ದಾರೆ, ಪ್ರತಿ ಲಗತ್ತಿಸಿದೆ. 15 ದಿನಗಳೊಳಗೆ ಉಚಿತವಾಗಿ ಸರಿಪಡಿಸಿ, ಇಲ್ಲವೇ ____ ರೂಪಾಯಿ ಹಿಂದಿರುಗಿಸಿ. ತಪ್ಪಿದಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.”

ಇಷ್ಟೇ. ಬೈಗುಳ ಬೇಡ, “ಮಾನಸಿಕವಾಗಿ ಜರ್ಜರಿತನಾಗಿದ್ದೇನೆ” ಎಂಬ ಪುಟಗಟ್ಟಲೆ ವರ್ಣನೆಯೂ ಬೇಡ. ಎಸಿಯ ಉದಾಹರಣೆಯನ್ನು ಸುಮ್ನೆ ಕೊಟ್ಟದ್ದಲ್ಲ. ಲೀಕ್ ಹುಡುಕದೆ ಬೇಸಿಗೆಗೊಂದು ಸಲ ಗ್ಯಾಸ್ ತುಂಬಿ ಕಳಿಸುವುದು ನಮ್ಮ ಕಡೆ ಬಹಳ ನಡೆಯುತ್ತದೆ. ಎಸಿ ಗ್ಯಾಸ್ ಪೆಟ್ರೋಲಿನ ಥರ ಖರ್ಚಾಗುವ ವಸ್ತು ಅಲ್ಲ. ಬೇಗ ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ.

ಮೊದಲು ಇಮೇಲ್, ಅದಕ್ಕೆ ಉತ್ತರ ಬಾರದಿದ್ದರೆ ಅಂಚೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಹಾಗಾಗಿ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ಪುರಾವೆ ಬೇಕು ಎಂದು ಹೇಳಿ. ಕಂಪನಿಯ ಅಧಿಕೃತ ಸೆಂಟರ್ ಆದರೆ ಪತ್ರದ ಒಂದು ಪ್ರತಿ ತಯಾರಕ ಕಂಪನಿಯ ಗ್ರಾಹಕ ವಿಭಾಗಕ್ಕೂ ಹೋಗಲಿ. ಡೀಲರ್ ಕಂಪನಿಯ ಮಾತಿಗೆ ಹೆದರುವಷ್ಟು ನಿಮ್ಮ ಮಾತಿಗೆ ಹೆದರುವುದಿಲ್ಲ.

1915, ಆಮೇಲೆ ಆಯೋಗ

ಪತ್ರಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡಬಹುದು, ಖರ್ಚಿಲ್ಲ. ದೂರಿಗೆ ಒಂದು ಸಂಖ್ಯೆ ಕೊಟ್ಟು ಗ್ಯಾರೇಜಿನವರಿಗೋ ಕಂಪನಿಗೋ ಕಳಿಸುತ್ತಾರೆ. ದೊಡ್ಡ ಕಂಪನಿಗಳು ಇಲ್ಲೇ ರಾಜಿಗೆ ಬರುವುದುಂಟು. ಸಣ್ಣ ಗ್ಯಾರೇಜಿನವರು ಉತ್ತರಿಸದೆ ಇರಬಹುದು. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರ ಇಲ್ಲ.

ಆದೇಶ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗ. ಜನ ಕನ್ಸ್ಯೂಮರ್ ಕೋರ್ಟ್ ಅನ್ನುವುದು ಇದನ್ನೇ. ನೀವು ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಅಲ್ಲೇ, ಅಂದರೆ ರಿಪೇರಿ ಕೇಸುಗಳೆಲ್ಲ ಹೆಚ್ಚುಕಡಿಮೆ ಅಲ್ಲೇ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು.

ಒಂದು ಅನುಕೂಲ ಬಹಳ ಜನರಿಗೆ ಗೊತ್ತಿಲ್ಲ. 2019ರ ಕಾಯ್ದೆ ಬಂದಮೇಲೆ ನೀವು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಹಾಕಬಹುದು. ಶಿರಾಡಿ ಘಾಟಿಯಲ್ಲಿ ಗಾಡಿ ಕೆಟ್ಟು ಸಕಲೇಶಪುರದಲ್ಲಿ ಮಾಡಿಸಿದ ರಿಪೇರಿಗೆ ಬೆಂಗಳೂರಿನವರು ಹಾಸನಕ್ಕೆ ಅಲೆಯಬೇಕಾಗಿಲ್ಲ. ಊರಿನ ಗ್ಯಾರೇಜಿನ ಮೇಲೆ ಪುಣೆಯಲ್ಲಿ ಕೆಲಸ ಮಾಡುವ ಕನ್ನಡಿಗರು ಪುಣೆಯಲ್ಲೇ ಹಾಕಬಹುದು.

ಇನ್ನೊಂದು, ಆಟೊ ಮತ್ತು ಟ್ಯಾಕ್ಸಿ ಓಡಿಸುವವರಿಗೆ. “ನಿಂದು ಕಮರ್ಷಿಯಲ್ ಗಾಡಿ, ಗ್ರಾಹಕ ಕಾಯ್ದೆ ಬರಲ್ಲ” ಎಂದು ಹೆದರಿಸುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಇಟ್ಟುಕೊಂಡ ಗಾಡಿಯಾದರೆ ನೀವೂ ಗ್ರಾಹಕರೇ, ಕಾಯ್ದೆಯ ವಿವರಣೆಯಲ್ಲೇ ಹಾಗಿದೆ. ಗಾಡಿ ನಿಂತ ದಿನಗಳ ಸಂಪಾದನೆ ನಷ್ಟವನ್ನೂ ಕೇಳಿ. ಅದಕ್ಕೆ ಹಿಂದಿನ ತಿಂಗಳುಗಳ ಟ್ರಿಪ್ ದಾಖಲೆ ಇಟ್ಟುಕೊಳ್ಳಿ.

ದೂರಿನ ಜೊತೆ ಹೋಗಬೇಕಾದದ್ದು: ನಡೆದದ್ದನ್ನು ತಾರೀಖಿನ ಪ್ರಕಾರ ಬರೆದ ಅರ್ಜಿ, ಅಫಿಡವಿಟ್, ಬಿಲ್ಲು, ಹಣ ಕೊಟ್ಟ ದಾಖಲೆ, ಪತ್ರ ಮತ್ತು ಅಂಚೆ ರಸೀದಿ, ಎರಡನೇ ಗ್ಯಾರೇಜಿನ ವರದಿ, ಫೋಟೊಗಳು. ವಾಟ್ಸಾಪ್ ಮಾತುಕತೆಯ ಪ್ರಿಂಟ್ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರ) ಲಗತ್ತಿಸುವುದು ಕ್ಷೇಮ. ಮೂಲ ಮೆಸೇಜ್ ಇರುವ ಫೋನ್ ಮಾರಬೇಡಿ.

ಎಷ್ಟು ಕೇಳಬೇಕು? ತಪ್ಪು ಸಾಲುಗಳ ಹಣ, ಮತ್ತೆ ಸರಿಮಾಡಿಸಿದ ಖರ್ಚು, ಓಡಾಟದ ಖರ್ಚು, ತೊಂದರೆಗೆ ಒಂದಿಷ್ಟು ಪರಿಹಾರ. ಎಂಟು ಸಾವಿರದ ಬಿಲ್ಲಿಗೆ ಐದು ಲಕ್ಷ ಕೇಳಿದರೆ ನಿಮ್ಮ ಮಾತಿನ ತೂಕವೇ ಕಡಿಮೆಯಾಗುತ್ತದೆ. ಆರುನೂರು ರೂಪಾಯಿಯ ತಕರಾರಾದರೆ, ನನ್ನ ಕೇಳಿದರೆ, ಪತ್ರ ಕಳಿಸಿ ಅಲ್ಲಿಗೆ ಬಿಡಿ, ಗ್ಯಾರೇಜು ಬದಲಾಯಿಸಿ.

ಎದುರು ಪಕ್ಷ ನೋಟಿಸ್ ಸಿಕ್ಕ 30 ದಿನದಲ್ಲಿ ಉತ್ತರ ಕೊಡಬೇಕು, ಆಯೋಗ ಬಿಟ್ಟರೆ ಇನ್ನೂ 15 ದಿನ. ಅದರ ಮೇಲೆ ಇಲ್ಲ. ಕೇಸು 3 ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಳ್ಳಬೇಡಿ, ಎಳೆಯುತ್ತದೆ. ನಡುವೆ ಮಧ್ಯಸ್ಥಿಕೆಗೆ ಕರೆದರೆ ಹೋಗಿ. ಬಹಳ ಸಲ ಅಲ್ಲೇ ಅರ್ಧಕ್ಕಿಂತ ಜಾಸ್ತಿ ಹಣ ಕೈಗೆ ಬರುತ್ತದೆ, ವರ್ಷ ಕಾಯುವುದು ತಪ್ಪುತ್ತದೆ.

ಆದೇಶ ನಿಮ್ಮ ಕಡೆ ಬಂದರೆ ಅವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು, ಆದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಕಟ್ಟಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಅಂದರೆ ಅದೇ ಜಿಲ್ಲಾ ಆಯೋಗದಲ್ಲಿ ಆದೇಶ ಜಾರಿಗೆ ಅರ್ಜಿ ಹಾಕಿ. ಪಾಲಿಸದವರಿಗೆ 72ನೇ ಕಲಂ ಪ್ರಕಾರ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.